ದೇವರ ತಾಳ್ಮೆ ನಮಗ ಬೇಕು, ಮಂದಿಗೆ ಕೊಡಾಕ ಆಗಂಗಿಲ್ಲ?

(1/6)
ದೋಸ್ತರೇ, ಇದನ್ನ ಓದಿ ಕೆಲವರಿಗೆ ಸಿಟ್ಟು ಬರಬಹುದು. ಬರಲಿ, ವಿಷಯನೇ ಸಿಟ್ಟಿಂದು.

ಲಗೂನ ಸಿಟ್ಟಿಗೇಳೋರಿಗೆ ನಾವು ಏನಂತೀವಿ? ‘ಮೂಗಿನ ತುದೀಗೇ ಸಿಟ್ಟು’. ಹಳೇ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಇದರ ಉಲ್ಟಾ ಮಾತೊಂದಿದೆ. ವಿಮೋಚನಕಾಂಡ 34ರಲ್ಲಿ ದೇವರು ತನ್ನ ಗುಣ ಹೇಳಿಕೊಳ್ಳುವಾಗ ಬರುವ ಪದಗಳ ನೇರ ಅರ್ಥ ‘ಉದ್ದ ಮೂಗಿನವನು’. ಅಂದ್ರ ಸಿಟ್ಟು ತುದಿ ಮುಟ್ಟಾಕ ಬಹಳ ಹೊತ್ತು ಬೇಕು. ಕನ್ನಡ ಬೈಬಲ್ ಓದೋರಿಗೆ ಇದೇ ‘ದೀರ್ಘಶಾಂತಿ’.

ಇದನ್ನ ಹೇಳಿದ್ದು ಯಾವಾಗ ನೋಡ್ರಿ. ಜನ ಬಂಗಾರದ ಕರು ಮಾಡಿ ಕುಣಿದ ಮೇಲೆ. ಒಡೆದುಹೋದ ಕಲ್ಲಿನ ಹಲಗೆಗಳನ್ನ ಎರಡನೇ ಸಲ ಕೊಡುವಾಗ. ಅಂದ್ರ ತಾಳ್ಮೆ ಅನ್ನೋ ಮಾತು ಹುಟ್ಟೋದೇ ಎದುರಿನವ ತಪ್ಪು ಮಾಡಿದಾಗ. ಎಲ್ಲಾ ಸರಿ ಇದ್ದಾಗ ಯಾರಿಗೆ ಬೇಕ್ರೀ ತಾಳ್ಮೆ?

(2/6)
ನಾವು ಬಿಕಾಂನವರು, ಲೆಕ್ಕ ಮಾಡೋಣ. ಮತ್ತಾಯ 18ರ ಕಥೆ ಸಂಡೇ ಸ್ಕೂಲಿಗೆ ಹೋದವರಿಗೆಲ್ಲಾ ಗೊತ್ತು, ಆದ್ರ ಮೊತ್ತ ಎಷ್ಟಂತ ಯಾರೂ ಹೇಳಲ್ಲ.

ಒಬ್ಬ ಸೇವಕ ರಾಜನಿಗೆ 10,000 ತಲಾಂತು ಸಾಲ ಕೊಡಬೇಕು. ಒಂದು ತಲಾಂತು ಅಂದ್ರ ಸುಮಾರು 6,000 ದಿನಾರಿ. ಒಂದು ದಿನಾರಿ ಒಂದು ದಿನದ ಕೂಲಿ. ಒಟ್ಟು 6 ಕೋಟಿ ದಿನದ ಕೂಲಿ! ಲೆಕ್ಕಕ್ಕಷ್ಟೇ ದಿನಕ್ಕೆ 500 ರೂಪಾಯಿ ಹಿಡೀರಿ: 3,000 ಕೋಟಿ. ‘ಸ್ವಲ್ಪ ತಾಳಿಕೊಳ್ರಿ’ ಅಂತ ಕಾಲಿಗೆ ಬಿದ್ದ. ರಾಜ ಟೈಮ್ ಕೊಡಲಿಲ್ಲ, ಪೂರ್ತಿ ಸಾಲಾನೇ ರೈಟ್ ಆಫ್ ಮಾಡಿದ.

ಅದೇ ಸೇವಕ ಹೊರಗ ಬಂದು ತನಗ 100 ದಿನಾರಿ ಕೊಡಬೇಕಾದವನ ಕುತ್ತಿಗೆ ಹಿಡಿದ. ನಮ್ಮ ಲೆಕ್ಕದಲ್ಲಿ 50,000 ರೂಪಾಯಿ. ಅಂವನೂ ತಾಳಿಕೊಳ್ಳು ಅಂತನೇ ಬೇಡಿಕೊಂಡ. ಕೇಳಿದ್ದು ಅದೇ ಮಾತು, ಸಿಕ್ಕಿದ್ದು ಜೈಲು.

ಎರಡು ಸಾಲದ ನಡುವೆ 6 ಲಕ್ಷ ಪಟ್ಟು ವ್ಯತ್ಯಾಸ. 50,000 ಸಣ್ಣ ಮೊತ್ತ ಅಂತ ಕಥೆ ಹೇಳ್ತಿಲ್ಲ, ನೂರು ದಿನದ ದುಡಿಮೆ ಅದು. ನಮಗಾದ ನೋವು ಸುಳ್ಳಲ್ಲ. ಆದ್ರ ನಮ್ಮದೇ ಲೆಡ್ಜರಿನ ಇನ್ನೊಂದು ಪುಟ ಹರಿದು ಹಾಕಿ ಲೆಕ್ಕ ಕೇಳೋದು ಮೋಸ.

(3/6)
ಈಗ ಬೇಲೂರಿಗೆ ಬರೋಣ. ಹೊಯ್ಸಳರ ಬೇಲೂರಲ್ಲ, ನಮ್ಮ ಧಾರವಾಡದಿಂದ ಬೆಳಗಾವಿ ಹೆದ್ದಾರಿ ಹಿಡಿದು ಹೋದ್ರ ಸಿಗೋ ಬೇಲೂರು ಕೈಗಾರಿಕಾ ಪ್ರದೇಶ. ಐಟಿಐ, ಡಿಪ್ಲೊಮಾ ಮುಗಿಸಿದ ನಮ್ಮ ವಯಸ್ಸಿನವರು ಅಲ್ಲಿ ಟ್ರೈನಿ ಅಂತ ಸೇರ್ತಾರೆ. ಒಂದು ವಾರ ಬೆಳಗಿನ ಶಿಫ್ಟ್, ಮುಂದಿನ ವಾರ ರಾತ್ರಿ.

ನನಗೆ ಗೊತ್ತಿರೋ ಒಂದು ಯೂತ್ ಗ್ರೂಪಿನಲ್ಲಿ ಅಂಥ ಹುಡುಗ ಒಬ್ಬ ಇದ್ದ. ಸತತ ಮೂರು ಭಾನುವಾರ ಕ್ವಾಯರ್ ಪ್ರಾಕ್ಟೀಸಿಗೆ ಬರಲಿಲ್ಲ. ನಾಲ್ಕನೇ ವಾರ ವಾಟ್ಸಾಪ್ ಗ್ರೂಪಿಂದ ತೆಗೆದರು. ‘ಕಮಿಟ್‌ಮೆಂಟ್ ಇಲ್ಲ’ ಅಂದ್ರು. ಅಂವ ರಾತ್ರಿ ಶಿಫ್ಟ್ ಮುಗಿಸಿ ಬೆಳಿಗ್ಗೆ ಮನೆ ಮುಟ್ಟತಿದ್ದ. ಒಬ್ಬರೂ ಫೋನ್ ಮಾಡಿ ‘ಯಾಕಪಾ ಬರವಲ್ಲಿ?’ ಅಂತ ಕೇಳಲಿಲ್ಲ. ಆ ಭಾನುವಾರ ಹಾಡಿದ ಹಾಡು ಯಾವುದರ ಬಗ್ಗೆ ಗೊತ್ತಾ? ದೇವರ ತಾಳ್ಮೆ ಬಗ್ಗೆ!

ಅದೇ ಗುಂಪು, ದೊಡ್ಡ ಕಾಣಿಕೆ ಕೊಡೋ ಹಿರಿಯರೊಬ್ಬರು ಅರ್ಧ ತಾಸು ತಡವಾಗಿ ಬಂದ್ರ ಕಾಯ್ತದ. ನಗುತ್ತ ಕಾಯ್ತದ. ನನ್ನ ತಕರಾರು ಇಷ್ಟೇ: ದೇವರ ತಾಳ್ಮೆ ಮೇಲಿನಿಂದ ಕೆಳಗ ಹರಿತದ, ನಮ್ಮದು ಕೆಳಗಿನಿಂದ ಮೇಲಕ್ಕ. ಬಾಸ್‌ಗೆ, ಶ್ರೀಮಂತರಿಗೆ, ಫಾಲೋವರ್ಸ್ ಜಾಸ್ತಿ ಇರೋರಿಗೆ ತಾಳ್ಮೆ. ಟ್ರೈನಿಗೆ, ಡೆಲಿವರಿ ಹುಡುಗಗ, ಸಬ್ಜೆಕ್ಟ್ ಬ್ಯಾಕ್ ಉಳಿದ ಕ್ಲಾಸ್‌ಮೇಟ್‌ಗೆ ಮೂಗಿನ ತುದೀಗೇ ಸಿಟ್ಟು. ಮೇಲಿನವರ ಮುಂದ ಸುಮ್ಮನಿರೋದಕ್ಕ ತಾಳ್ಮೆ ಅನ್ನಬ್ಯಾಡ್ರಿ, ಅದು ಅಂಜಿಕೆ.

(4/6)
‘ಹಂಗಾದ್ರ ಶಿಸ್ತು ಬ್ಯಾಡೇನು?’ ಅಂತ ಕೇಳ್ತೀರಿ. ಬೇಕು. ಲೂಕ 13ರ ಅಂಜೂರದ ಗಿಡ ನೆನಪು ಮಾಡ್ಕೊಳ್ರಿ. ಮೂರು ವರ್ಷ ಹಣ್ಣಿಲ್ಲ. ಕಡಿದು ಹಾಕು ಅಂದ ತೋಟದ ಮಾಲೀಕ. ಇನ್ನೊಂದು ವರ್ಷ ಬಿಡ್ರಿ ಅಂದ ತೋಟಗಾರ, ಆಮೇಲೂ ಹಣ್ಣು ಬಿಡದಿದ್ರ ಕಡೀರಿ ಅಂತ ತಾನೇ ಒಪ್ಪಿದ. ತಾಳ್ಮೆಗೂ ಗಡುವು ಇದೆ.

ಆದ್ರ ಆ ಒಂದು ವರ್ಷ ಅಂವ ಸುಮ್ಮನೆ ಕೂಡಲಿಲ್ಲ. ಬುಡ ಅಗೆದು ಗೊಬ್ಬರ ಹಾಕ್ತೀನಿ ಅಂದ. ಕೈ ಕೆಸರು ಮಾಡಿಕೊಳ್ಳೋಕೆ ಸಿದ್ಧ ಇದ್ದವನೇ ಟೈಮ್ ಕೇಳಿದ. ಕೊಡಲಿ ಎತ್ತೋ ಮೊದಲು ನಿಮ್ಮ ಗ್ರೂಪ್ ಅಡ್ಮಿನ್‌ಗೆ ಇದೊಂದು ಪ್ರಶ್ನೆ ಕೇಳ್ರಿ: ಬುಡ ಅಗೆದೀಯೇನು? ಒಂದು ಕಾಲ್ ಮಾಡೀಯೇನು? ಪ್ರಾಕ್ಟೀಸ್ ಟೈಮ್ ಬದಲಿಸಿ ನೋಡೀಯೇನು?

(5/6)
ಇನ್ನೊಂದು ಕಡೆಯವರಿಗೂ ಹೇಳಬೇಕು. ಕಿರುಕುಳ ಅನುಭವಿಸೋ ಹುಡುಗಿಗೆ ‘ತಾಳ್ಮೆ ಇಟ್ಕೋ, ದೇವರು ನೋಡ್ತಾನ’ ಅನ್ನೋರಿದ್ದಾರಲ್ಲ, ಅವರಿಗೆ. ಸಂಬಳ ತಡ ಆದವನಿಗೂ ಅದೇ ಮಾತು ಹೇಳ್ತಾರೆ. ಅದು ಬೈಬಲ್ ತಾಳ್ಮೆ ಅಲ್ಲ. ಮತ್ತಾಯನ ಕಥೆಯಲ್ಲಿ ಸಾಲಗಾರನನ್ನ ಜೈಲಿಗೆ ಹಾಕಿದಾಗ ಉಳಿದ ಸೇವಕರು ಸುಮ್ಮನಿರಲಿಲ್ಲ, ಹೋಗಿ ರಾಜನಿಗೆ ಎಲ್ಲಾ ಹೇಳಿದರು. ಅದನ್ನ ತಪ್ಪು ಅಂತ ಯೇಸು ಹೇಳಿಲ್ಲ. ತಾಳ್ಮೆ ಕೊಡಬೇಕಾದವರು ಕುತ್ತಿಗೆ ಹಿಡಿದಿರೋರು. ಹಿಡಿಸಿಕೊಂಡವರಿಗೆ ಯಾಕ ಉಪದೇಶ?

(6/6)
ಇದು ಬರೀ ಕ್ರಿಶ್ಚಿಯನ್ನರ ಮಾತಲ್ಲ. 1853ರಲ್ಲಿ ಬಾಸೆಲ್ ಮಿಶನ್ ಕಡೆಯಿಂದ ಒಬ್ಬ ಜರ್ಮನ್ ಹುಡುಗ ನಮ್ಮ ನಾಡಿಗೆ ಬಂದ. ವಯಸ್ಸು 21, ನನಗಿಂತ ಒಂದೇ ವರ್ಷ ದೊಡ್ಡವ. ಹೆಸರು ಫರ್ಡಿನಾಂಡ್ ಕಿಟ್ಟೆಲ್, ಧಾರವಾಡದ ಕಿಟೆಲ್ ಕಾಲೇಜಿಗೆ ಇಟ್ಟಿರೋದು ಅವರದೇ ಹೆಸರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಮಂಗಳೂರಲ್ಲಿ ಅಚ್ಚಾಗಿದ್ದು 1894ರಲ್ಲಿ. ಸುಮಾರು 70,000 ಪದ. ಬಂದಾಗಿನಿಂದ ಲೆಕ್ಕ ಹಾಕಿದ್ರ 41 ವರ್ಷ.

ಅವರ ತಾಳ್ಮೆನ ಎಲ್ಲರೂ ಹೊಗಳ್ತಾರೆ. ಆದ್ರ ಕನ್ನಡ ಬರದ ಪರದೇಶಿ ಹುಡುಗನ ಮುಂದೆ ಕುಂತು ಒಂದೊಂದು ಪದದ ಅರ್ಥ ಬಿಡಿಸಿ ಹೇಳಿದ ನಮ್ಮ ಜನರ ತಾಳ್ಮೆ? ಅವರಲ್ಲಿ ಹೆಚ್ಚಿನವರು ಅವನ ಧರ್ಮದವರೂ ಅಲ್ಲ. ಭಾಷೆ ಗೊತ್ತಿದ್ದವರು ಗೊತ್ತಿಲ್ಲದವನಿಗೆ ಕೊಟ್ಟ ತಾಳ್ಮೆ ಅದು. ಮೇಲಿನಿಂದ ಕೆಳಗೆ.

ಈ ವಾರ ನಿಮ್ಮ ಲೆಡ್ಜರ್ ತೆಗೀರಿ. ನಿಮಗಿಂತ ಕಡಿಮೆ ಬಲ ಇರೋ ಯಾರನ್ನ ಬ್ಲಾಕ್ ಮಾಡೀರಿ, ಯಾರನ್ನ ಗ್ರೂಪಿಂದ ತೆಗೆದೀರಿ, ಒಂದು ಹೆಸರು ಹುಡುಕ್ರಿ. ಸ್ಟೋರಿ ಹಾಕಬ್ಯಾಡ್ರಿ, ಟ್ಯಾಗ್ ಮಾಡಬ್ಯಾಡ್ರಿ. ಫೋನ್ ಹಚ್ರಿ. ‘ಯಾಕಪಾ ಬರವಲ್ಲಿ?’ ಅಂತ ಕೇಳಿ, ಉತ್ತರ ಮುಗಿಯೋ ತನಕ ಸುಮ್ಮನ ಕೇಳಿಸ್ಕೊಳ್ರಿ.

#ದೀರ್ಘಶಾಂತಿ #ತಾಳ್ಮೆ #ಧಾರವಾಡ #ಬೇಲೂರುಕೈಗಾರಿಕಾಪ್ರದೇಶ