ಖಾಲಿ ವಾರ್ಡು, ತುಂಬಿದ ಸೀಟು

ರೋಗಿಗಳಿಲ್ಲದ ಆಸ್ಪತ್ರೆಯನ್ನು ಇಟ್ಟುಕೊಂಡು ನಡೆಯುವ ವೈದ್ಯಕೀಯ ಕಾಲೇಜು ಕಾಲೇಜಲ್ಲ, ಪದವಿ ಮಾರುವ ಅಂಗಡಿ. ಅಲ್ಲಿಗೆ ಮಕ್ಕಳನ್ನು ಸೇರಿಸಬಾರದು. ಅಂಥ ಕಡೆ ಸೀಟು ಹಂಚುವುದನ್ನು ಸರ್ಕಾರ ನಿಲ್ಲಿಸಬೇಕು. ನೀಟ್ ಫಲಿತಾಂಶ ಬಂದ ಮೇಲೆ ಶಿವಮೊಗ್ಗ ಜಿಲ್ಲೆಯ ಶಿರಾಳಕೊಪ್ಪ, ಶಿಕಾರಿಪುರ, ಸೊರಬದ ಮನೆಮನೆಗಳಲ್ಲಿ ಪ್ರತಿವರ್ಷ ನಡೆಯುವ ಚರ್ಚೆಯ ಬಗ್ಗೆ ನಮ್ಮ ತೀರ್ಪು ಇದು. ಇದರಲ್ಲಿ ರಾಜಿಗೆ ಎಡೆಯಿಲ್ಲ.

ಆ ಚರ್ಚೆ ಹೇಗಿರುತ್ತದೆಂಬುದು ಎಲ್ಲರಿಗೂ ಗೊತ್ತು. ಸರ್ಕಾರಿ ಎಂಬಿಬಿಎಸ್ ಸೀಟಿಗೆ ರ‍್ಯಾಂಕ್ ಸಾಲದು, ಖಾಸಗಿ ಸೀಟಿಗೆ ಹಣ ಸಾಲದು. ಆಗ ಆಯುರ್ವೇದದ ಬಿಎಎಂಎಸ್, ಹೋಮಿಯೋಪತಿಯ ಬಿಎಚ್‌ಎಂಎಸ್, ಪ್ರಕೃತಿ ಚಿಕಿತ್ಸೆಯ ಬಿಎನ್‌ವೈಎಸ್ ಹೆಸರುಗಳು ಬರುತ್ತವೆ. ಸೈಬರ್ ಸೆಂಟರಿನಲ್ಲಿ ಕೂತು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಆಪ್ಷನ್ ಎಂಟ್ರಿ ಮಾಡುವ ಹೊತ್ತಿಗೆ ಮನೆಯವರು ಕೇಳುವ ಪ್ರಶ್ನೆಗಳು ನಾಲ್ಕೇ: ಫೀಸು ಎಷ್ಟು, ಹಾಸ್ಟೆಲ್ ಇದೆಯೇ, ಊರಿಗೆ ಎಷ್ಟು ದೂರ, ನಮ್ಮವರು ಯಾರಾದರೂ ಅಲ್ಲಿ ಓದಿದ್ದಾರೆಯೇ. ಆ ಆಸ್ಪತ್ರೆಗೆ ದಿನಕ್ಕೆ ಎಷ್ಟು ಜನ ಬರುತ್ತಾರೆ, ಅಲ್ಲಿ ಓದಿದವರಲ್ಲಿ ಎಷ್ಟು ಮಂದಿಗೆ ಪಿಜಿ ಸೀಟು ಸಿಕ್ಕಿದೆ ಎಂದು ಕೇಳುವವರು ಇಲ್ಲ. ಶುಂಠಿ ಬೀಜ ಕೊಳ್ಳುವ ರೈತ ಚೀಲದ ಬಾಯಿ ಬಿಚ್ಚಿಸಿ, ಗಡ್ಡೆ ಮುರಿದು, ಕೊಳೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳುತ್ತಾನೆ. ಅದೇ ಶುಂಠಿಯ ದುಡ್ಡನ್ನು ಮಗಳ ಐದೂವರೆ ವರ್ಷಕ್ಕೆ ಹೂಡುವಾಗ ಮಾತ್ರ ಕಾಲೇಜಿನ ಬಣ್ಣದ ಪುಸ್ತಕವನ್ನು ನಂಬುತ್ತಾನೆ.

ಬಿಎಎಂಎಸ್ ಎಂದರೆ ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಅಲ್ಲಿಗೆ ದಾರಿ ಮುಗಿಯುವುದಿಲ್ಲ. ಮುಂದೆ ಎಂಡಿ ಅಥವಾ ಎಂಎಸ್ ಮಾಡಬೇಕೆಂದರೆ ಎಐಎಪಿಜಿಇಟಿ ಎಂಬ ಅಖಿಲ ಭಾರತ ಪ್ರವೇಶ ಪರೀಕ್ಷೆ ಬರೆಯಬೇಕು. ಅದರಲ್ಲಿ ಒಳ್ಳೆಯ ರ‍್ಯಾಂಕ್ ಬಂದವರಿಗೆ ಕಾಯಚಿಕಿತ್ಸೆ, ಶಲ್ಯ, ಪ್ರಸೂತಿ, ಪಂಚಕರ್ಮದಂಥ ರೋಗಿಯ ಪಕ್ಕದ ವಿಭಾಗ ಸಿಗುತ್ತದೆ. ಉಳಿದವರು ಸಿಕ್ಕಿದ್ದನ್ನು ಹಿಡಿಯಬೇಕು. ಪಿಜಿ ಇಲ್ಲದೆ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವಿಲ್ಲ, ಶಸ್ತ್ರಚಿಕಿತ್ಸೆಯ ಅಧಿಕಾರವೂ ಇಲ್ಲ. 2020ರ ನವೆಂಬರ್‌ನಲ್ಲಿ ಭಾರತೀಯ ವೈದ್ಯ ಪದ್ಧತಿಗಳ ಕೇಂದ್ರ ಮಂಡಳಿ 58 ಶಸ್ತ್ರಕ್ರಿಯೆಗಳ ಪಟ್ಟಿ ಹೊರಡಿಸಿದಾಗ ಎಂಬಿಬಿಎಸ್ ವೈದ್ಯರು ಡಿಸೆಂಬರ್ 11ರಂದು ದೇಶದಾದ್ಯಂತ ಮುಷ್ಕರ ಹೂಡಿದರು. ಆ ಗಲಾಟೆಯಲ್ಲಿ ಒಂದು ಸಂಗತಿ ಮರೆಯಾಯಿತು: ಆ ಪಟ್ಟಿ ಇದ್ದದ್ದು ಶಲ್ಯ, ಶಾಲಾಕ್ಯ ಎಂಬ ಶಸ್ತ್ರಚಿಕಿತ್ಸಾ ವಿಭಾಗಗಳಲ್ಲಿ ಸ್ನಾತಕೋತ್ತರ ಓದಿದವರಿಗೆ ಮಾತ್ರ, ಬರೀ ಬಿಎಎಂಎಸ್ ಮಾಡಿದವರಿಗಲ್ಲ.

ಪಿಜಿ ಇಲ್ಲದವರಿಗೆ ಏನುಂಟು? ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವಾಹನದಲ್ಲಿ ಅಂಗನವಾಡಿ, ಶಾಲೆ ಸುತ್ತಿ ಮಕ್ಕಳನ್ನು ತಪಾಸಣೆ ಮಾಡುವ ಗುತ್ತಿಗೆ ಕೆಲಸವುಂಟು. ಅದು ಗೌರವದ ಕೆಲಸ, ಆದರೆ ಗುತ್ತಿಗೆಯದು. ಇಲ್ಲವೆಂದರೆ ನಗರದ ನರ್ಸಿಂಗ್ ಹೋಮಿನಲ್ಲಿ ರಾತ್ರಿ ಪಾಳಿಯ ಡ್ಯೂಟಿ ಡಾಕ್ಟರ್ ಆಗಿ ಬೇರೆ ವೈದ್ಯರ ಚೀಟಿಗೆ ಕೈಯಾಗುವುದು. ಇಲ್ಲವೆಂದರೆ ಊರಿನಲ್ಲೇ ಕ್ಲಿನಿಕ್ ಇಟ್ಟು ಇಂಜೆಕ್ಷನ್, ಆ್ಯಂಟಿಬಯೋಟಿಕ್ ಬರೆಯುವುದು.

ಈ ಕೊನೆಯ ದಾರಿಯನ್ನು ನಂಬಿಯೇ ಅನೇಕ ಪೋಷಕರು ಬಿಎಎಂಎಸ್ ಆರಿಸುತ್ತಾರೆ. ಅವರಿಗೆ ನೇರವಾಗಿ ಹೇಳಬೇಕು: ಇದು ಹಿತ್ತಲ ಬಾಗಿಲು, ಅದಕ್ಕೆ ಬೀಗ ಯಾವಾಗ ಬೀಳುತ್ತದೋ ಹೇಳಲಾಗದು. 1996ರಲ್ಲೇ ಸುಪ್ರೀಂ ಕೋರ್ಟ್, ಹೋಮಿಯೋಪತಿ ಓದಿದ ವೈದ್ಯರು ಅಲೋಪತಿ ಔಷಧ ಕೊಟ್ಟು ರೋಗಿ ಸತ್ತ ಪ್ರಕರಣದಲ್ಲಿ, ತಾನು ಕಲಿಯದ ಪದ್ಧತಿಯಲ್ಲಿ ಚಿಕಿತ್ಸೆ ಕೊಡುವುದೇ ನಿರ್ಲಕ್ಷ್ಯ ಎಂದಿತು. ಆಯುಷ್ ವೈದ್ಯರಿಗೆ ಅಲೋಪತಿಗೆ ದಾಟಿಸುವ ಬ್ರಿಡ್ಜ್ ಕೋರ್ಸ್ 2017ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಸೂದೆಯಲ್ಲಿತ್ತು. 2018ರಲ್ಲಿ ಕೇಂದ್ರ ಸರ್ಕಾರ ಅದನ್ನು ಕೈಬಿಟ್ಟಿತು. 2023ರ ಏಪ್ರಿಲ್‌ನಲ್ಲಿ ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್, ತುರ್ತು ಚಿಕಿತ್ಸೆ, ಅಪಘಾತ, ಮರಣೋತ್ತರ ಪರೀಕ್ಷೆಗಳ ಹೊಣೆ ಹೊರುವ ಎಂಬಿಬಿಎಸ್ ವೈದ್ಯರಿಗೆ ಸಮನಾದ ವೇತನವನ್ನು ಆಯುರ್ವೇದ ವೈದ್ಯರು ಹಕ್ಕಾಗಿ ಕೇಳಲಾಗದು ಎಂದಿತು. ‘ಎಂಬಿಬಿಎಸ್‌ಗೆ ಸಮ’ ಎಂದು ಸೀಟು ಕುದುರಿಸುವ ಏಜೆಂಟನಿಗೆ ಈ ತೀರ್ಪುಗಳನ್ನು ತೋರಿಸಿ, ಬಾಗಿಲು ತೋರಿಸಿ. ಆಯುರ್ವೇದ ಓದಿ ಆಯುರ್ವೇದವನ್ನೇ ಮಾಡುವೆ ಎನ್ನುವ ಹುಡುಗ, ಹುಡುಗಿ ಧೈರ್ಯವಾಗಿ ಸೇರಲಿ. ಬೇರೆ ಲೆಕ್ಕ ಇಟ್ಟುಕೊಂಡವರು ಸೇರುವುದು ಬೇಡ.

ಪ್ರಕೃತಿ ಚಿಕಿತ್ಸೆ ಮತ್ತು ಯೋಗದ ಬಿಎನ್‌ವೈಎಸ್ ಆರಿಸುವವರು ಇನ್ನೂ ಎಚ್ಚರವಾಗಿರಬೇಕು. ಕರ್ನಾಟಕದಲ್ಲಿ ಅದಕ್ಕೆ ಸಿಇಟಿ ರ‍್ಯಾಂಕ್ ಸಾಕು, ನೀಟ್ ಬೇಡ. ಸುಲಭವಾಗಿ ಸಿಗುತ್ತದೆಂದು ಹಿಗ್ಗುವ ಮುನ್ನ ತಿಳಿಯಬೇಕಾದ್ದು, ಭಾರತೀಯ ವೈದ್ಯ ಪದ್ಧತಿಗಳ ಆಯೋಗದ 2020ರ ಕಾಯಿದೆಯ ವ್ಯಾಪ್ತಿಗೆ ಅದು ಬರುವುದಿಲ್ಲ, ಎಐಎಪಿಜಿಇಟಿಯಲ್ಲಿ ಅದಕ್ಕೆ ಪತ್ರಿಕೆಯೂ ಇಲ್ಲ. 1989ರಿಂದ ನಡೆದುಬಂದಿರುವ ಉಜಿರೆಯ ಎಸ್‌ಡಿಎಂ ಕಾಲೇಜಿನಂಥ ಕಡೆ ಓದುವುದು ಒಂದು, ನಿನ್ನೆ ಮೊನ್ನೆ ಬೋರ್ಡು ತೂಗುಹಾಕಿದ ಕಡೆ ಓದುವುದು ಇನ್ನೊಂದು.

ಈ ಪ್ರಶ್ನೆ ನಮ್ಮದು ಮಾತ್ರವಲ್ಲ. ಅಮೆರಿಕದಲ್ಲಿ ಆಂಡ್ರ್ಯೂ ಟೇಲರ್ ಸ್ಟಿಲ್ 1892ರಲ್ಲಿ ಮಿಸೌರಿಯ ಕರ್ಕ್ಸ್‌ವಿಲ್‌ನಲ್ಲಿ ಆಸ್ಟಿಯೋಪಥಿಯ ಮೊದಲ ಕಾಲೇಜು ತೆರೆದಾಗ ಮುಖ್ಯ ವೈದ್ಯಲೋಕ ಅದನ್ನು ಹತ್ತಿರ ಸೇರಿಸಲಿಲ್ಲ. ಇಂದು ಆ ಕಾಲೇಜುಗಳ ಡಿಒ ಪದವೀಧರರಿಗೆ 50 ರಾಜ್ಯಗಳಲ್ಲೂ ಮುಖ್ಯ ವೈದ್ಯಪದ್ಧತಿಯ ಎಂಡಿಗಳಷ್ಟೇ ಪೂರ್ಣ ಪರವಾನಗಿ ಇದೆ. 2020ರ ಜೂನ್ 30ಕ್ಕೆ ಎರಡೂ ಬಗೆಯ ವೈದ್ಯರ ರೆಸಿಡೆನ್ಸಿ ತರಬೇತಿ ಒಂದೇ ಮಾನ್ಯತಾ ವ್ಯವಸ್ಥೆಯಡಿ ಬಂತು. ಯಾರೂ ಕರುಣೆಯಿಂದ ಕೊಟ್ಟದ್ದಲ್ಲ ಅದು. ಔಷಧಶಾಸ್ತ್ರ, ಶಸ್ತ್ರಚಿಕಿತ್ಸೆ ಎಲ್ಲವನ್ನೂ ಪೂರ್ತಿಯಾಗಿ ಕಲಿತು, ಅದೇ ಮಟ್ಟದ ಪರೀಕ್ಷೆ ಬರೆದು, ಅದೇ ವಾರ್ಡುಗಳಲ್ಲಿ ದುಡಿದು ಗಳಿಸಿದ್ದು. ಆದರೂ ಅಲ್ಲಿನ ಎಲ್ಲ ಡಿಒ ಕಾಲೇಜುಗಳು ಒಂದೇ ತೂಕದವಲ್ಲ. ಸ್ವಂತ ಬೋಧನಾ ಆಸ್ಪತ್ರೆಯಿಲ್ಲದೆ ವಿದ್ಯಾರ್ಥಿಗಳನ್ನು ದೂರದೂರದ ಊರುಗಳಿಗೆ ಹಂಚಿಬಿಡುವ ಕಾಲೇಜುಗಳೂ ಇವೆ. ಅಲ್ಲಿ ಓದಿದವರು ರೆಸಿಡೆನ್ಸಿಗಾಗಿ ಹೆಚ್ಚು ಪರದಾಡಬೇಕಾಗಬಹುದು. ಆ ದೇಶದಲ್ಲಿ ನೆಲೆಸಿದ ನಮ್ಮವರು ಮಕ್ಕಳಿಗೆ ಕಾಲೇಜು ಹುಡುಕುವಾಗ ಮೊದಲು ನೋಡುವುದು ರೆಸಿಡೆನ್ಸಿ ಸಿಕ್ಕವರ ಅಂಕಿಯನ್ನೇ. ನೋಡಲು ಅದು ಸಿಗುತ್ತದೆ, ಏಕೆಂದರೆ ಎಷ್ಟು ಮಂದಿ ಪರವಾನಗಿ ಪರೀಕ್ಷೆ ಪಾಸಾದರು, ಎಷ್ಟು ಮಂದಿಗೆ ರೆಸಿಡೆನ್ಸಿ ಸಿಕ್ಕಿತು ಎಂಬುದನ್ನು ಡಿಒ ಕಾಲೇಜು ಸಾರ್ವಜನಿಕವಾಗಿ ಪ್ರಕಟಿಸಲೇಬೇಕು. ಇದು ಮಾನ್ಯತೆಯ ಷರತ್ತು.

ನಮ್ಮಲ್ಲಿ ಆ ಷರತ್ತಿಲ್ಲ, ಇದ್ದ ಷರತ್ತೂ ಸಣಕಲಾಗಿತ್ತು. 2016ರ ಕನಿಷ್ಠ ಮಾನದಂಡ ನಿಯಮಾವಳಿಯ ಪ್ರಕಾರ 60 ಸೀಟಿನ ಆಯುರ್ವೇದ ಕಾಲೇಜಿಗೆ 60 ಹಾಸಿಗೆ, ದಿನಕ್ಕೆ ಸರಾಸರಿ 120 ಹೊರರೋಗಿಗಳು, ಶೇ 40ರಷ್ಟು ಹಾಸಿಗೆ ಭರ್ತಿ ಇದ್ದರೆ ಸಾಕಿತ್ತು. ಲೆಕ್ಕ ಹಾಕಿ: ಒಳರೋಗಿಗಳು 24 ಮಂದಿ. ಐದು ತಂಡಗಳು ಒಟ್ಟಿಗೆ ಓದುವಾಗ ವಿದ್ಯಾರ್ಥಿಗಳು ಸುಮಾರು 300. ನಿಯಮವನ್ನು ಅಕ್ಷರಶಃ ಪಾಲಿಸಿದ ಕಾಲೇಜಿನ ಸ್ಥಿತಿಯೇ ಇದಾದರೆ, ಪಾಲಿಸದ ಕಾಲೇಜಿನ ಮಾತೇನು? ತಪಾಸಣೆಯ ದಿನ ಹಾಸಿಗೆಗೆ ಬಾಡಿಗೆ ಜನರನ್ನು ತಂದು ಮಲಗಿಸುವುದು, ವರ್ಷಕ್ಕೊಮ್ಮೆ ಮುಖ ತೋರಿಸುವ ಅಧ್ಯಾಪಕರ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯುವುದು ಈ ಕ್ಷೇತ್ರದಲ್ಲಿ ಇರುವವರಿಗೆ ಗೊತ್ತಿಲ್ಲದ ಗುಟ್ಟಲ್ಲ. ಹೆರಿಗೆ ನೋಡದೆ ಪ್ರಸೂತಿತಂತ್ರದಲ್ಲಿ ಪಾಸಾದ, ನಾಡಿ ಹಿಡಿಯದೆ ರೋಗನಿದಾನದಲ್ಲಿ ಪಾಸಾದ ಪದವೀಧರೆ ಮುಂದೆ ಪಿಜಿ ಪರೀಕ್ಷೆಯಲ್ಲಿ ಹಿಂದೆ ಬಿದ್ದರೆ ತಪ್ಪು ಅವಳದಲ್ಲ. ಆ ಕಾಲೇಜಿಗೆ ವರ್ಷವರ್ಷ ಅನುಮತಿ ಕೊಟ್ಟವರದು.

ವಿದ್ಯೆಗೂ ರೋಗಿಗೂ ಇರುವ ನಂಟು ಈ ನೆಲಕ್ಕೆ ಹೊಸದಲ್ಲ. ಶಿರಾಳಕೊಪ್ಪದಿಂದ ಕೂಗಳತೆಯಲ್ಲಿರುವ ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನ, ವೇದ, ವ್ಯಾಕರಣ, ದರ್ಶನಗಳ ಓದು ನಡೆಯುತ್ತಿದ್ದ ಅದೇ ಜಾಗದಲ್ಲಿ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯೂ ಸಿಗುತ್ತಿತ್ತು ಎಂದು ಹೇಳುತ್ತದೆ. ಪಕ್ಕದ ತಾಳಗುಂದದ ಸ್ತಂಭಶಾಸನ ಇನ್ನೊಂದು ಮಾತು ಹೇಳುತ್ತದೆ: ಕದಂಬ ರಾಜ್ಯದ ಸ್ಥಾಪಕ ಮಯೂರಶರ್ಮ ಗುರು ವೀರಶರ್ಮನ ಜೊತೆ ಓದಿಗಾಗಿ ಹೋದದ್ದು ಕಂಚಿಯ ಘಟಿಕೆಗೆ, ಅಂದರೆ ಅಲ್ಲಿನ ವಿದ್ಯಾಕೇಂದ್ರಕ್ಕೆ. ಊರಿಗೆ ಹತ್ತಿರ ಎಂಬ ಒಂದೇ ಕಾರಣಕ್ಕೆ ಕಾಲೇಜು ಆರಿಸುವವರು ಇದನ್ನು ನೆನೆಯಲಿ. ಶಿವಮೊಗ್ಗದ ಸರ್ಕಾರಿ ಆಯುರ್ವೇದ ಕಾಲೇಜು ಸಿಕ್ಕರೆ ಸರಿ. ಶಿರಾಳಕೊಪ್ಪದಿಂದ ಶಿಕಾರಿಪುರದ ಮೇಲೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಸಿಗದಿದ್ದರೆ ಮನೆ ಬಾಗಿಲಿನ ಖಾಲಿ ಆಸ್ಪತ್ರೆಗಿಂತ 1908ರಿಂದ ಇರುವ ಮೈಸೂರಿನ ಸರ್ಕಾರಿ ಕಾಲೇಜು, 1958ರಿಂದ ಇರುವ ಉಡುಪಿ ಕುತ್ಪಾಡಿಯ ಕಾಲೇಜಿನಂಥ ಹಳೆಯ ಸಂಸ್ಥೆಗಳು ದೂರವಾದರೂ ಮೇಲು. ಆದರೆ ಅವುಗಳ ವಾರ್ಡನ್ನೂ ಕಣ್ಣಾರೆ ನೋಡಿಯೇ ತೀರ್ಮಾನಿಸಿ. ಹಳೆಯ ಹೆಸರೂ ತಾನಾಗಿ ಪ್ರಮಾಣಪತ್ರವಲ್ಲ.

ಪೋಷಕರು ಮಾಡಬೇಕಾದ್ದು ಕಷ್ಟದ ಕೆಲಸವಲ್ಲ. ಚಾಯ್ಸ್ ಒತ್ತುವ ಮುನ್ನ, ಹೇಳದೆ ಕೇಳದೆ, ವಾರದ ಮಧ್ಯದ ಬೆಳಿಗ್ಗೆ ಆ ಆಸ್ಪತ್ರೆಗೆ ಹೋಗಿ. ಚೀಟಿ ಮಾಡಿಸುವ ಕಿಟಕಿಯ ಮುಂದೆ ಸಾಲಿದೆಯೇ ನೋಡಿ. ಒಳರೋಗಿ ವಾರ್ಡಿನಲ್ಲಿ ಊಟದ ಡಬ್ಬಿ ಹಿಡಿದ ಸಂಬಂಧಿಕರು ಇದ್ದಾರೆಯೇ ನೋಡಿ. ಇಂಟರ್ನ್‌ಗಳನ್ನು ಹೊರಗೆ ಚಹಾದಂಗಡಿಯಲ್ಲಿ ಮಾತಾಡಿಸಿ: ಸ್ಟೈಪೆಂಡ್ ಕೈಗೆ ಬರುತ್ತದೆಯೇ, ಪಂಚಕರ್ಮ ಸ್ವತಃ ಮಾಡಿದ್ದೀರಾ, ನಿಮ್ಮ ಸೀನಿಯರ್‌ಗಳಲ್ಲಿ ಯಾರಿಗೆ ಪಿಜಿ ಸಿಕ್ಕಿತು, ಯಾವ ವಿಭಾಗದಲ್ಲಿ. ಅದೇ ಕಾಲೇಜಿನಲ್ಲಿ ಪಿಜಿ ವಿಭಾಗಗಳಿದ್ದರೆ ಒಳ್ಳೆಯದು; ಅಲ್ಲಿ ಅಧ್ಯಾಪಕರೂ ರೋಗಿಗಳೂ ಇರುವ ಸಾಧ್ಯತೆ ಹೆಚ್ಚು. ಉತ್ತರ ತೃಪ್ತಿ ತರದಿದ್ದರೆ ಸೀಟು ಬಿಡಿ. ಒಂದು ವರ್ಷ ನೀಟ್‌ಗೆ ಮತ್ತೆ ಕೂರುವುದು, ಅಥವಾ ನರ್ಸಿಂಗ್, ಫಿಸಿಯೋಥೆರಪಿ, ಬಿಎಸ್ಸಿ ಓದುವುದು ಅವಮಾನವಲ್ಲ. ಪಹಣಿ ಅಡವಿಟ್ಟು ಕೊಂಡ, ಕೆಲಸಕ್ಕೆ ಬಾರದ ‘ಡಾಕ್ಟರ್’ ಎಂಬ ಮೂರಕ್ಷರವೇ ನಿಜವಾದ ನಷ್ಟ.

ಆದರೆ ಕಣ್ಣುಮುಚ್ಚಿ ಕೊಳ್ಳುವಂತೆ ಮಾಡಿದ ಮೇಲೆ ಕೊಂಡವನನ್ನೇ ಬೈಯುವುದು ನ್ಯಾಯವಲ್ಲ. ಶಿರಾಳಕೊಪ್ಪದ ಕೂಲಿಕಾರ ಎಲ್ಲ ಕಾಲೇಜುಗಳನ್ನೂ ಸುತ್ತಿ ಬರಲಾರ. ಆದ್ದರಿಂದ ಮೊದಲ ಆರೋಪಿ ಸರ್ಕಾರ ಮತ್ತು ನಿಯಂತ್ರಕರು. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಸೀಟು ಹಂಚಿಕೆಯ ಪಟ್ಟಿ ಪ್ರಕಟಿಸುವಾಗ ಪ್ರತಿ ಆಯುಷ್ ಕಾಲೇಜಿನ ಮುಂದೆ ಶುಲ್ಕದ ಜೊತೆ ಇನ್ನು ನಾಲ್ಕು ಅಂಕಣ ಇರಬೇಕು: ಹಿಂದಿನ ವರ್ಷದ ದಿನದ ಸರಾಸರಿ ಹೊರರೋಗಿಗಳು, ಹಾಸಿಗೆ ಭರ್ತಿಯ ಪ್ರಮಾಣ, ವಿಶ್ವವಿದ್ಯಾಲಯದ ಪರೀಕ್ಷೆಯ ಫಲಿತಾಂಶ, ಎಐಎಪಿಜಿಇಟಿಯಲ್ಲಿ ಅರ್ಹತೆ ಪಡೆದು ಪಿಜಿ ಸೇರಿದವರ ಸಂಖ್ಯೆ. ಇದಕ್ಕೆ ಹೊಸ ಕಾಯಿದೆ ಬೇಡ. ಫಲಿತಾಂಶ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಬಳಿ ಇದೆ, ಆಸ್ಪತ್ರೆಯ ಲೆಕ್ಕವನ್ನು ಭಾರತೀಯ ವೈದ್ಯ ಪದ್ಧತಿಗಳ ಆಯೋಗ ಕೇಳಿ ಪಡೆಯುತ್ತದೆ. ಎಲ್ಲವನ್ನೂ ಒಂದು ಹಾಳೆಗೆ ತರಲು ಬೇಕಾದ್ದು ಮನಸ್ಸು ಮಾತ್ರ.

ಎರಡನೆಯದು, ಸತತ ಎರಡು ವರ್ಷ ಆಸ್ಪತ್ರೆ ತುಂಬಿಸಲಾಗದ ಕಾಲೇಜಿನ ಹೊಸ ಪ್ರವೇಶ ನಿಲ್ಲಬೇಕು, ಅಲ್ಲಿ ಓದುತ್ತಿರುವವರನ್ನು ಬೇರೆ ಕಡೆಗೆ ವರ್ಗಾಯಿಸಬೇಕು. 2020ರ ಕಾಯಿದೆಯಲ್ಲೇ ಇರುವ ನಿರ್ಗಮನ ಪರೀಕ್ಷೆಯನ್ನು ಮುಂದೂಡುತ್ತ ಕೂರದೆ ನಡೆಸಿ, ಕಾಲೇಜುವಾರು ಫಲಿತಾಂಶ ಹೊರಗಿಡಬೇಕು. ಸೀಟು ಕಳೆದುಕೊಳ್ಳುವ ಆಡಳಿತ ಮಂಡಳಿಗಳು ಇದನ್ನು ವಿರೋಧಿಸುತ್ತವೆ. ಅವುಗಳಲ್ಲಿ ಹಲವು ರಾಜಕಾರಣಿಗಳ ಕೈಯಲ್ಲೇ ಇವೆ. ಹಾಗಾಗಿ ಹೊಸ ಆಯುಷ್ ಕಾಲೇಜು ತಂದೆವೆಂದು ಶಿಕಾರಿಪುರ, ಸೊರಬ ತಾಲೂಕುಗಳಲ್ಲಿ ಯಾವ ಪಕ್ಷದವರು ಮತ ಕೇಳಲು ಬಂದರೂ ಅವರಿಗೆ ಒಂದೇ ಪ್ರಶ್ನೆ ಹಾಕಿ: ಅಲ್ಲಿ ರೋಗಿಗಳು ಎಷ್ಟು, ಅಲ್ಲಿಂದ ಪಿಜಿಗೆ ಹೋದವರು ಎಷ್ಟು? ಉತ್ತರವಿಲ್ಲದ ಕಾಲೇಜಿಗೆ ಒಂದು ಸೀಟನ್ನೂ ಕೊಡಬಾರದು, ಒಂದು ಮಗುವನ್ನೂ ಕಳಿಸಬಾರದು.