ಕಾಲುವೆ ಬತ್ತಿದ ವರ್ಷ ಪ್ಲಾಟಿನ ಸಾಲ

ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರಿನ ಕಡೆ ಹೋಗುವ 150ಎ ಹೆದ್ದಾರಿಯ ಪಕ್ಕ ಒಂದು ಲೇಔಟಿದೆ. ನೆಟ್ಟ ಸಿಮೆಂಟ್ ಕಲ್ಲುಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದಿದ್ದಾರೆ. ಎರೆಭೂಮಿ ಬಿರಿದು ಅರ್ಧದಷ್ಟು ಕಲ್ಲುಗಳು ವಾಲಿವೆ, ಕೆಲವು ಮಲಗಿಯೇಬಿಟ್ಟಿವೆ. ಕಾಲುದಾರಿಯ ಪಕ್ಕದಲ್ಲಿ ಹಳೆಯ ಭತ್ತದ ಕೂಳೆ ಇನ್ನೂ ಕಾಣುತ್ತದೆ. "ಇವತ್ತ ಸಂಚಕಾರ ಕೊಟ್ರ ಈ ರೇಟು ಸರ, ನಾಳಿಗೆ ಇರಂಗಿಲ್ಲ" ಎಂದ ಅಲ್ಲಿದ್ದ ಏಜೆಂಟ. ಅದೇ ರೇಟನ್ನು ಆರು ತಿಂಗಳ ಹಿಂದೆಯೂ ಹೇಳಿದ್ದ.

ಭೂಮಿಯ ಬೆಲೆ ಇಳಿಯುವುದಿಲ್ಲ ಎಂಬ ಮಾತು ನಮ್ಮ ಭಾಗದಲ್ಲಿ ಸುಳ್ಳು. ಸಿಂಧನೂರಿನ ಪ್ಲಾಟಿಗೆ ಬೆಲೆ ಕಟ್ಟುವುದು ತುಂಗಭದ್ರಾ ಎಡದಂಡೆ ಕಾಲುವೆ. 2023ರಲ್ಲಿ ಬರ ಬಿತ್ತು. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿಹೋಯಿತು. 33 ಗೇಟುಗಳನ್ನೂ ಬದಲಿಸಬೇಕೆಂದು 2025ರ ಹಿಂಗಾರಿನಲ್ಲಿ ಎರಡನೇ ಬೆಳೆಗೆ ನೀರು ಬಿಡದಿರಲು ತೀರ್ಮಾನವಾಯಿತು. ಗೇಟು ಬದಲಿಸುವುದು ಬೇಡವೆಂದು ಯಾರೂ ಹೇಳಲಾರರು. ಆದರೆ ಎರಡನೇ ಬೆಳೆ ಹೋದರೆ ರೈತನ ಜತೆ ರೈಸ್‌ಮಿಲ್ಲು, ಹಮಾಲಿ, ಟ್ರ್ಯಾಕ್ಟರಿನವನು, ಗೊಬ್ಬರದಂಗಡಿ ಎಲ್ಲರ ಕೈಯೂ ಬರಿದಾಗುತ್ತದೆ. ಪ್ಲಾಟು ಕೊಂಡವರು ಇವರೇ. ನಾಳೆ ಅದನ್ನು ಮರಳಿ ಕೊಳ್ಳಬೇಕಾದವರೂ ಇವರೇ. ಮಾರಲೇಬೇಕಾದ ಗಳಿಗೆಯಲ್ಲಿ ಊರಿಗೆ ಊರೇ ಮಾರಲು ನಿಂತಿರುತ್ತದೆ.

ಸ್ವಂತ ದುಡ್ಡಿನಲ್ಲಿ ಕೊಂಡವನು ಕಾಯಬಲ್ಲ. ನನಗೆ ಭಯ ಸಾಲದವರದು. ಕೈಸಾಲಕ್ಕೆ ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯೆಂದರೆ ಹತ್ತು ಲಕ್ಷಕ್ಕೆ ವರ್ಷಕ್ಕೆ 2 ಲಕ್ಷ 40 ಸಾವಿರ. ಮೂರು ವರ್ಷಕ್ಕೆ 7 ಲಕ್ಷ 20 ಸಾವಿರ, ಅದೂ ಚಕ್ರಬಡ್ಡಿ ಹಾಕದಿದ್ದರೆ. ಪ್ಲಾಟು 17 ಲಕ್ಷ ದಾಟುವವರೆಗೆ ಅವನಿಗೆ ಬಿಡಿಗಾಸಿನ ಲಾಭವಿಲ್ಲ. ಬಾಡಿಗೆ ಬರದ, ಬೆಳೆ ಬರದ ತುಂಡು ನೆಲಕ್ಕಾಗಿ ಹೆಂಡತಿಯ ಸರ, ಬಳೆ ಅಡವಿಡುವವರನ್ನು ಕಂಡಿದ್ದೇನೆ. ಪಕ್ಕದಲ್ಲೇ ಹಟ್ಟಿಯ ಚಿನ್ನದ ಗಣಿಯಿರುವ ನಮ್ಮ ಭಾಗದಲ್ಲಿ ಮನೆಯ ಬಂಗಾರ ಹೀಗೆ ಹರಾಜಿಗೆ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ರೈಲು ಬಂತಲ್ಲ, ರೇಟು ಏರುತ್ತದೆ, ಎನ್ನುತ್ತಾರೆ. ಬಂತು, ಸಂತೋಷ. 1997-98ರಲ್ಲಿ ಮಂಜೂರಾದ ಗಿಣಿಗೇರಾ–ಮಹಬೂಬನಗರ ಮಾರ್ಗದ ಗಾಡಿ ಸಿಂಧನೂರು ಮುಟ್ಟಿದ್ದು 2024ರಲ್ಲಿ. ಗದಗ–ವಾಡಿ ಮಾರ್ಗವನ್ನು ನೆಚ್ಚಿ ಲಿಂಗಸುಗೂರಿನಲ್ಲಿ ಪ್ಲಾಟು ಹಿಡಿದವರು ಈ ಲೆಕ್ಕ ಮರೆಯಬಾರದು. ರೈಲು ಕಾಲು ಶತಮಾನ ತಡವಾದರೂ ಬರುತ್ತದೆ, ಸಾಲ ಕೊಟ್ಟವನು ತಿಂಗಳ ಮೊದಲ ವಾರವೇ ಬರುತ್ತಾನೆ.

ಇಲ್ಲಿ ಸರ್ಕಾರದ ತಪ್ಪು ದೊಡ್ಡದು. ರೇರಾ ಕಾನೂನಿನ ಪ್ರಕಾರ 500 ಚದರ ಮೀಟರ್, ಎಂದರೆ ಹತ್ತಿರ ಹತ್ತಿರ ಐದು ಗುಂಟೆ ದಾಟಿದ ಲೇಔಟು ನೋಂದಣಿಯಾಗದೆ ಒಂದು ಪ್ಲಾಟನ್ನೂ ಮಾರುವಂತಿಲ್ಲ. ನೋಂದಾಯಿತ ಕರಾರಿಲ್ಲದೆ ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ನಮ್ಮಲ್ಲಿ ಬಾಂಡ್ ಪೇಪರಿನ ಮೇಲೆ ಅರ್ಧಕ್ಕರ್ಧ ದುಡ್ಡು ಕೈಬದಲಾಗುತ್ತದೆ. ಎನ್ಎ, ಎಂದರೆ ಭೂಪರಿವರ್ತನೆ, ಆಗಿದೆಯೇ ಎಂದು ಕೇಳಿದರೆ "ಫೈಲ್ ಒಳಗದರೀ" ಎಂಬ ಉತ್ತರ. ಅಂಥ ಪ್ಲಾಟಿಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಅದಕ್ಕೇ ಜನ ಬಡ್ಡಿಯವರ ಬಾಗಿಲಿಗೆ ಹೋಗುವುದು. 2025ರಲ್ಲಿ ಪಟ್ಟಣಗಳ ಅನಧಿಕೃತ ಆಸ್ತಿಗಳಿಗೆ ಬಿ ಖಾತಾ ಕೊಡಲು ಸರ್ಕಾರ ಹೊರಟಿತು. ಮನೆ ಕಟ್ಟಿ ಮಕ್ಕಳೊಂದಿಗೆ ವಾಸಿಸುವ ಬಡವರಿಗೆ ಅದು ಸಿಗಲಿ, ನನ್ನ ತಕರಾರಿಲ್ಲ. ಆದರೆ ಖಾಲಿ ಕಲ್ಲು ನೆಟ್ಟವರು ಅದನ್ನೇ ಜಾಹೀರಾತು ಮಾಡಿಕೊಂಡರು: "ಈಗ ತಗೋರಿ, ಬಿ ಖಾತಾ ಆಗ್ತದ."

ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ತಾಲೂಕುಗಳ ತಹಶೀಲ್ದಾರರು ಪ್ರತಿ ಲೇಔಟಿನ ಬಾಗಿಲಿಗೆ ಭೂಪರಿವರ್ತನೆ ಆದೇಶದ ಸಂಖ್ಯೆ, ರೇರಾ ಸಂಖ್ಯೆ ಬರೆದ ಬೋರ್ಡು ಹಾಕಿಸಲಿ. ಇಲ್ಲದ ಕಡೆ ಕಲ್ಲು ಕೀಳಿಸಲಿ. ಕೊಟ್ಟ ಮುಂಗಡವನ್ನು ಲೇಔಟ್ ಮಾಡಿದವನಿಂದ ಬಡ್ಡಿಸಮೇತ ವಾಪಸ್ ಕೊಡಿಸಲಿ. ಕಾಲುವೆಗೆ ನೀರು ಬಂದು ಮತ್ತೆ ಪ್ಲಾಟಿನ ರೇಟು ಏರುವ ಮೊದಲೇ ಇದಾಗಬೇಕು.