ಶೇನ್ ಬದುಕಲಿಲ್ಲ, ಸಾವಿರ ಅಡಿ ಬೋರೂ ಬದುಕಿಸಲ್ಲ

‘ದಿ ವಾಕಿಂಗ್ ಡೆಡ್’ ನೋಡಿದ ನಮ್ಮ ಕಡೆಯ ಹುಡುಗರನ್ನು ಮಾತಿಗೆಳೆದರೆ ಬಹಳ ಮಂದಿ ಒಂದೇ ಮಾತು ಹೇಳುತ್ತಾರೆ: “ಶೇನ್ ಹೇಳಿದ್ದೇ ಸರಿ ಕಣಣ್ಣ. ರಿಕ್ಕು ತೀರಾ ಮೆತ್ತಗೆ. ಕಷ್ಟ ಬಂದಾಗ ಅವರವರ ಪಾಡು ಅವರವರಿಗೆ.” ಈ ಮಾತು ಆ ಸರಣಿಯ ಬಗ್ಗೆಯೂ ಸುಳ್ಳು, ನಮ್ಮ ತೆಂಗಿನ ತೋಟಗಳ ಬಗ್ಗೆಯೂ ಸುಳ್ಳು.

ನೋಡದವರಿಗೆ ಚುಟುಕಾಗಿ ಹೇಳುತ್ತೇವೆ. ಅಮೆರಿಕದ ಧಾರಾವಾಹಿ, 2010ರಿಂದ 2022ರವರೆಗೆ 11 ಸೀಸನ್ ಬಂತು. ಸತ್ತವರು ಎದ್ದು ನಡೆಯುತ್ತಾರೆ, ಬದುಕಿರುವವರನ್ನು ಕಚ್ಚಿ ತಿನ್ನುತ್ತಾರೆ. ಸರ್ಕಾರ ಇಲ್ಲ, ಕರೆಂಟ್ ಇಲ್ಲ, ಆಸ್ಪತ್ರೆ ಇಲ್ಲ. ರಿಕ್ ಎಂಬ ಪೊಲೀಸಿನವನು ಒಂದಷ್ಟು ಜನರನ್ನು ಕಟ್ಟಿಕೊಂಡು ಉಳಿಯಲು ನೋಡುತ್ತಾನೆ. ಶೇನ್ ಅವನ ಗೆಳೆಯ, ಆಮೇಲೆ ಎದುರಾಳಿ. ಎರಡು ಸೀಸನ್ ನೋಡುವಷ್ಟರಲ್ಲಿ ಗೊತ್ತಾಗುತ್ತದೆ, ಆ ಹೆಣಗಳಿಗೆ ಬುದ್ಧಿ ಇಲ್ಲ, ಬೇಲಿ ಗಟ್ಟಿ ಇದ್ದರೆ ಸುಮಾರಾಗಿ ತಡೆಯಬಹುದು. ಬೇಲಿ ಮುರಿಯುವವರು ಮಾತ್ರ ಬದುಕಿರುವವರು.

ಶೇನ್ ಮಾಡಿದ್ದೇನು? ಗುಂಡೇಟು ತಿಂದ ರಿಕ್‌ನ ಮಗನಿಗೆ ಚಿಕಿತ್ಸೆಯ ಸಾಮಾನು ತರಲು ಓಟಿಸ್ ಎಂಬವನ ಜೊತೆ ಹೋಗುತ್ತಾನೆ. ಹೆಣಗಳ ಹಿಂಡು ಬೆನ್ನಟ್ಟಿದಾಗ ಓಟಿಸ್‌ನ ಕಾಲಿಗೆ ಗುಂಡು ಹೊಡೆದು, ಅವನನ್ನು ಅವುಗಳ ಬಾಯಿಗೆ ಬಿಟ್ಟು, ಸಾಮಾನು ಹಿಡಿದು ಓಡಿ ಬರುತ್ತಾನೆ. “ಬೇರೆ ದಾರಿ ಇರಲಿಲ್ಲ” ಅನ್ನುವವರು ಇದ್ದಾರೆ. ಇರಲಿ. ಆದರೆ ಆ ಶೇನ್ ಎರಡನೇ ಸೀಸನ್ ದಾಟಲಿಲ್ಲ. ಮೆತ್ತಗಿನ ರಿಕ್ ಒಂಬತ್ತನೇ ಸೀಸನ್‌ವರೆಗೆ ಬಂದ. (ಕಥೆ ಬಿಟ್ಟುಕೊಟ್ಟಿದ್ದಕ್ಕೆ ಬೈಯಬೇಡಿ, ಕಥೆ ಹೇಳದೆ ವಾದ ಮಾಡಲು ಆಗಲ್ಲ.)

ಇನ್ನು ಗವರ್ನರ್. ರಿಕ್ ಮಂದಿ ಒಂದು ಹಳೇ ಜೈಲಿನಲ್ಲಿ ಬೇಲಿ ಭದ್ರ ಮಾಡಿಕೊಂಡು, ಒಳಗೆ ಬೆಳೆ ಇಟ್ಟುಕೊಂಡು ಇರುತ್ತಾರೆ. ಗವರ್ನರ್ ಯುದ್ಧದ ಟ್ಯಾಂಕ್ ತಂದು ಜಾಗ ಖಾಲಿ ಮಾಡಿ ಅನ್ನುತ್ತಾನೆ. ಒಳಗೆ ಬೇರೆ ಬೇರೆ ಬ್ಲಾಕುಗಳಿವೆ, ಎರಡು ಕಡೆಯವರೂ ಇಲ್ಲೇ ಇರಬಹುದು ಎಂದು ರಿಕ್ ಹೇಳುತ್ತಾನೆ. ಗವರ್ನರ್ ಒಪ್ಪುವುದಿಲ್ಲ. ಟ್ಯಾಂಕ್ ಬೇಲಿ ಉರುಳಿಸುತ್ತದೆ, ಹೆಣಗಳು ನುಗ್ಗುತ್ತವೆ. ಗವರ್ನರ್ ಸಾಯುತ್ತಾನೆ, ರಿಕ್ ಮಂದಿ ದಿಕ್ಕಾಪಾಲಾಗುತ್ತಾರೆ. ಜೈಲು ಇವರಿಗೂ ಇಲ್ಲ, ಅವರಿಗೂ ಇಲ್ಲ.

ನಮ್ಮ ತಾಲ್ಲೂಕುಗಳಲ್ಲಿ ಈ ಟ್ಯಾಂಕ್ ರಾತ್ರಿ ಹೊತ್ತು ಬರುತ್ತದೆ. ಎರಡು ಲಾರಿ, ಒಂದರಲ್ಲಿ ಕಂಪ್ರೆಸರ್, ಇನ್ನೊಂದರಲ್ಲಿ ಕೊರೆಯುವ ಗಾಡಿ.

ಕೇಳಿಸಿಕೊಂಡವರೇ ಇದ್ದೀರಿ: “ಪಕ್ಕದೋನು ಎಂಟ್ನೂರಕ್ಕೆ ಹೋಗವ್ನೆ, ನಾವ್ ಸಾವ್ರಕ್ಕೆ ಹೋಗ್ದಿದ್ರೆ ನಮ್ ಮರ ಒಣಗ್ತವೆ.” ನಮ್ಮ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ಕೆರೆಯಂತೆ ನಿಂತಿಲ್ಲ, ಬಂಡೆಯ ಬಿರುಕುಗಳಲ್ಲಿದೆ. ಆ ಬಿರುಕು ಬದು ನೋಡುವುದಿಲ್ಲ, ಪಹಣಿ ನೋಡುವುದಿಲ್ಲ. ಒಂದೇ ಬಿರುಕಿಗೆ ತಗುಲಿದ ಎರಡು ಬೋರಿನಲ್ಲಿ ಆಳದ್ದು ಎಳೆಯಲು ಶುರು ಮಾಡಿದರೆ ಮೇಲಿನದು ಗಾಳಿ ಕಾರುತ್ತದೆ. ಆಮೇಲೆ ಅವನು ಸಾವಿರದ ಇನ್ನೂರಕ್ಕೆ ಹೋಗುತ್ತಾನೆ. ನೀರು ಒಂದು ಬಿಂದಿಗೆಯೂ ಹೆಚ್ಚಾಗಿಲ್ಲ, ಇವನ ಮರದ ಬುಡದಿಂದ ಅವನ ಮರದ ಬುಡಕ್ಕೆ ಹೋಯಿತು, ಅಷ್ಟೆ. ಅಂತರ್ಜಲ ಅತಿಯಾಗಿ ಬಳಕೆಯಾದ ತಾಲ್ಲೂಕುಗಳ ಪಟ್ಟಿಯಲ್ಲಿ ತಿಪಟೂರು, ಚಿಕ್ಕನಾಯಕನಹಳ್ಳಿ ಹೆಸರು ಬಂದಿರುವುದು ಸುಮ್ಮನೆ ಅಲ್ಲ. 10 ಎಚ್‌ಪಿವರೆಗಿನ ಪಂಪಿಗೆ ಕರೆಂಟ್ ಉಚಿತ, ಹಾಗಾಗಿ ಎಷ್ಟು ಆಳದಿಂದ ಎಳೆಯುತ್ತಿದ್ದೇವೆ ಅನ್ನುವುದು ಬಿಲ್ಲಿನಲ್ಲೂ ಕಾಣುವುದಿಲ್ಲ.

ಈ ಓಟದಲ್ಲಿ ಓಟಿಸ್ ಯಾರು? ಅರ್ಧ ಎಕರೆಯವನು. ಒಂದು ಬೋರಿಗೇ ಸಾಲ ಮಾಡಿದವನು. ಎರಡನೆಯದು ಕೊರೆಸಲು ಅವನ ಹತ್ತಿರ ಒಡವೆಯೂ ಉಳಿದಿಲ್ಲ, ಅಟ್ಟದ ಮೇಲೆ ಕೊಬ್ಬರಿಯೂ ಇಲ್ಲ. 2016-17ರ ಬರದಲ್ಲಿ ಸುಳಿ ಒಣಗಿ, ಗರಿ ಉದುರಿ, ತಲೆಯಿಲ್ಲದ ಕಂಬದಂತೆ ನಿಂತ ಮರಗಳನ್ನು ನೆನೆಸಿಕೊಳ್ಳಿ. ಸತ್ತೂ ನಿಂತೇ ಇದ್ದವು. ಜಾಂಬಿ ನೋಡಲು ಅಮೆರಿಕಕ್ಕೆ ಹೋಗಬೇಕಿರಲಿಲ್ಲ.

ಹೆದರಿಕೆ ಸುಳ್ಳು ಅಂತ ನಾವು ಹೇಳುತ್ತಿಲ್ಲ. ನಮ್ಮ ಎತ್ತರದ ತಳಿ ಫಸಲಿಗೆ ಬರಲು ಆರೇಳು ವರ್ಷ ಬೇಕು. ಅಪ್ಪ ನೆಟ್ಟ ಮರ ಕಣ್ಣೆದುರು ಸಾಯುವಾಗ ಯಾರಿಗಾದರೂ ಕೈ ನಡುಗುತ್ತದೆ. ಹೆದರಿದವನಿಗೆ “ಇನ್ನೂ ಇನ್ನೂರು ಅಡಿ ಹೋದರೆ ಗ್ಯಾರಂಟಿ” ಅನ್ನುವವನೇ ದೇವರಂತೆ ಕಾಣುತ್ತಾನೆ. ನೀರು ಬಂದರೂ ಬರದಿದ್ದರೂ ಅಡಿಗಿಷ್ಟು ಅಂತ ಎಣಿಸಿಕೊಂಡು ಹೋಗುವವನು ಅವನೊಬ್ಬನೇ.

ಪೈಪೋಟಿಗೆ ಹಚ್ಚುವುದರಲ್ಲಿ ಸರ್ಕಾರವೂ ಹಿಂದೆ ಬಿದ್ದಿಲ್ಲ. 2024ರ ಆರಂಭ ನೆನಪಿದೆಯಲ್ಲ? ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 12,000, ರಾಜ್ಯದ್ದು ಮೇಲೆ 1,500. ಮಾರುಕಟ್ಟೆ ಬೆಲೆ ಅದಕ್ಕಿಂತ ಎಷ್ಟೋ ಕೆಳಗೆ. ಕೊಳ್ಳುವುದಕ್ಕೆ ಮಿತಿ, ಮೊದಲು ಬಂದವರಿಗೆ ಮೊದಲು. ಜನ ನಾಫೆಡ್ ನೋಂದಣಿಗೆ ರಾತ್ರಿಯಿಡೀ ಸರದಿ ಕಾದರು. ಅಕ್ರಮದ ದೂರು ಬಂದು ಆ ನೋಂದಣಿ ರದ್ದಾಯಿತು, ಮತ್ತೆ ಮೊದಲಿಂದ ಸರದಿ. ಮುಂದೆ ನಿಂತವನ ಬೆನ್ನು ನೋಡಿ ಸಿಟ್ಟಾಗುವಂತೆ ಮಾಡಿದ್ದು ಆ ವ್ಯವಸ್ಥೆ, ಮುಂದೆ ನಿಂತವನಲ್ಲ. ಧಾರಾವಾಹಿಯವರಿಗೆ ಮನುಷ್ಯರನ್ನು ಕಿತ್ತಾಡಿಸಲು ಸರ್ಕಾರ ಇಲ್ಲದ ಲೋಕ ಬೇಕಾಯಿತು. ನಮ್ಮಲ್ಲಿ ಸರ್ಕಾರ ಇದ್ದುಕೊಂಡೇ ಆಯಿತು.

“ಒಗ್ಗಟ್ಟು ಅನ್ನೋದು ಭಾಷಣಕ್ಕೆ ಚೆಂದ” ಅನ್ನುವವರು ಕಪ್ಪುತಲೆ ಹುಳುವನ್ನು ನೋಡಲಿ. ಗರಿಗೆ ಬೆಂಕಿ ತಾಗಿದಂತೆ ಮಾಡುವ ಆ ಹುಳುವಿಗೆ ತೋಟಗಾರಿಕೆ ಇಲಾಖೆ ಪರೋಪಜೀವಿ ಕೀಟ ಕೊಡುತ್ತದೆ. ನೀವೊಬ್ಬರೇ ಬಿಟ್ಟರೆ ಪಕ್ಕದ ತೋಟದಿಂದ ಚಿಟ್ಟೆ ಹಾರಿ ಬಂದು ಮತ್ತೆ ಮೊಟ್ಟೆ ಇಡುತ್ತದೆ. ಆ ಬಯಲಿನ ತೋಟದವರೆಲ್ಲ ಒಟ್ಟಿಗೆ ಬಿಡಬೇಕು. ಇಲ್ಲಿ ಒಬ್ಬನ ಬೇಲಿ ಬೇಲಿಯೇ ಅಲ್ಲ. ಹುಳುವಿನ ವಿಷಯದಲ್ಲಿ ಒಪ್ಪುವ ಜನ ನೀರಿನ ವಿಷಯಕ್ಕೆ ಬಂದಾಗ ಯಾಕೆ ಶೇನ್ ಆಗುತ್ತಾರೋ ಗೊತ್ತಿಲ್ಲ.

ಅಂತರ್ಜಲಕ್ಕೆ 2011ರ ಕಾಯ್ದೆ ಇದೆ, ಅಧಿಸೂಚಿತ ತಾಲ್ಲೂಕಿನಲ್ಲಿ ಬೋರ್ ಕೊರೆಸಲು ಅನುಮತಿ ಬೇಕು. ಗಾಡಿ ರಾತ್ರಿಯೇ ಯಾಕೆ ಬರುತ್ತದೆ ಅಂತ ಮುಂದಿನ ಗ್ರಾಮಸಭೆಯಲ್ಲಿ ಕೇಳಿ. ಅದಕ್ಕಿಂತ ಮೊದಲು, ಹೊಸ ಬೋರಿಗೆ ಅಡ್ವಾನ್ಸ್ ಕೊಡುವ ಮುಂಚೆ, ಬದುವಿನ ಆಚೆಯವರನ್ನು ಒಂದು ಸಲ ಮಾತಾಡಿಸಿ. ಮೂರು ತೋಟಕ್ಕೆ ಒಂದು ಬೋರ್, ಡ್ರಿಪ್, ವಾರದ ಸರದಿ. ಸಾಲಿನ ನಡುವೆ ಗುಂಡಿ ತೆಗೆದು ಮಟ್ಟೆ ಮುಚ್ಚಿದರೆ ಬಿದ್ದ ಮಳೆಯಾದರೂ ಅಲ್ಲೇ ನಿಲ್ಲುತ್ತದೆ.

ಜಗಳ ಆಗುತ್ತೆ ಅಂತೀರಾ? ಆಗುತ್ತೆ. ಮೋಟ್ರು ಸುಟ್ಟರೆ ಯಾರು ಕಟ್ಟಿಸಬೇಕು, ಮಂಗಳವಾರದ ನೀರು ಯಾರದು, ಅಂತ ಅಣ್ಣತಮ್ಮಂದಿರೇ ಮಾತು ಬಿಡುತ್ತಾರೆ. ಆ ಜಗಳ ಊರಿನ ನಾಲ್ಕು ಜನ ಕೂತರೆ ಒಂದು ಸಂಜೆಯದು. ಫೇಲಾದ ಬೋರಿನ ಸಾಲಕ್ಕೆ ಹಾಗೆ ಕೂತು ಮುಗಿಸಿಕೊಡುವವರು ಯಾರೂ ಸಿಗುವುದಿಲ್ಲ, ಬಡ್ಡಿ ಪ್ರತಿ ತಿಂಗಳೂ ಬರುತ್ತದೆ.